ತಿರುವಿ ಹೊಲಿದ ಹಗ್ಗ

ಜೀಪು ಕಣ್ಣೆದುರಿನಿಂದ ಮಾಯವಾದ ಮೇಲೂ ಪಂಡಿತ ರಿಮೋಟಿನ ಗುಂಡಿ ಒತ್ತುತ್ತಲೇ ಇದ್ದ. ರಿಮೋಟಿನ ವೈರು ಕಿತ್ತುಕೊಂಡು ಬಂದು ಅವನ ಕಾಲ ಬಳಿ ಕೆಸರಿನಲ್ಲಿ ಬಿದ್ದಿತ್ತು. ಎಳೆಯಬೇಕಾದ ಯಂತ್ರವೂ ಇಲ್ಲ, ಮೇಲೆ ಬರಬೇಕಾದ ಗಾಡಿಯೂ ಇಲ್ಲ. ಹೆಬ್ಬೆರಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಕೆಳಗೆ ಕಮರಿಯಲ್ಲಿ ತಗಡು ಬಂಡೆಗೆ ಬಡಿದ ಸದ್ದು ಒಮ್ಮೆ ಕೇಳಿತು, ಮತ್ತೊಮ್ಮೆ ಕೇಳಿತು, ಆಮೇಲೆ ನಿಂತುಹೋಯಿತು. ಜೀಪಿನೊಳಗೆ ಅವನ ಭಾಮೈದನಿದ್ದ.

ಭಾಮೈದ ಎಂದರೆ ಬರೀ ಹೆಂಡತಿಯ ತಮ್ಮನಲ್ಲ. ತಾಯಿ ಹೋದಾಗ ಅವನು ಅಕ್ಕನ ಸೊಂಟದ ಮೇಲಿದ್ದ ಮಗು. ಅವಳೂ ಆಗಿನ್ನೂ ಲಂಗ ಹಾಕುವ ಹುಡುಗಿ. ಅವನ ಮೂಗು ಒರೆಸಿದವಳು ಅವಳು, ಶಾಲೆಗೆ ಎಳೆದುಕೊಂಡು ಹೋದವಳು ಅವಳು. ಮದುವೆಯ ಮಾತಿಗೆ ಪಂಡಿತ ಹೋದಾಗ ಅವಳು ಕೇಳಿದ್ದು ಒಂದೇ: ನಾನು ಬಂದರೆ ಇವನೂ ಬರುತ್ತಾನೆ, ಆಗಬಹುದೋ? ಆಗಬಹುದು ಎಂದು ಪಂಡಿತ ಒಪ್ಪಿದ. ಈವತ್ತು ಬೆಳಿಗ್ಗೆ ಇಬ್ಬರೂ ಹೊರಟಾಗಲೂ ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ ದಿನಾ ಹೇಳುವುದನ್ನೇ ಹೇಳಿದ್ದಳು. ಅವನನ್ನು ನೋಡಿಕೊಳ್ಳಿ ಎಂದಿದ್ದಳು.

ಪಂಡಿತ ಎನ್ನುವುದು ಅವನಿಗೆ ಮನೆಯವರು ಇಟ್ಟ ಹೆಸರಲ್ಲ, ಊರವರು ಅಂಟಿಸಿದ್ದು. ಗುಡ್ಡದ ತುದಿಯ ಫೋನ್ ಟವರಿನಲ್ಲಿ ಜನರೇಟರು ರಿಪೇರಿ ಮಾಡುವುದು ಅವನ ಕೆಲಸ, ಕೇಳಿದವರಿಗೂ ಕೇಳದವರಿಗೂ ವಿವರಣೆ ಕೊಡುವುದು ಅವನ ಚಟ. ನಲ್ಲಿ ಸೋರುತ್ತಿದೆ ಎಂದರೆ ನೀರಿನ ಟ್ಯಾಂಕು ಎಷ್ಟು ಎತ್ತರದಲ್ಲಿದೆ ಎಂಬಲ್ಲಿಂದ ಶುರು ಮಾಡುತ್ತಿದ್ದ. ಅವನು ಬಾಯಿ ತೆರೆದನೆಂದರೆ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವರೂ ಎದ್ದು ಹೋಗುವ ದಾರಿ ಹುಡುಕುತ್ತಿದ್ದರು. ಆದರೆ ಅವನು ಹೇಳುವುದು ತಪ್ಪಿರುತ್ತಿರಲಿಲ್ಲ, ಅದೇ ದೊಡ್ಡ ಕಾಟ.

ಟವರಿಗೆ ಡೀಸೆಲ್ ಕ್ಯಾನು, ಬ್ಯಾಟರಿ, ಬಿಡಿಭಾಗ ಸಾಗಿಸುವ ಜೀಪು ಮನೆಯದೇ. ಓಡಿಸುವವನು ಭಾಮೈದ. ಗುಡ್ಡದ ದಾರಿಯನ್ನು ದಾರಿ ಎನ್ನುವುದು ಬರೀ ಮರ್ಯಾದೆಗೆ. ಒಂದು ಕಡೆ ಮಣ್ಣಿನ ಗೋಡೆ, ಇನ್ನೊಂದು ಕಡೆ ಕಮರಿ, ನಡುವೆ ನೀರು ಕೊರೆದ ಜಾಡು. ಚಕ್ರ ಹೂತುಹೋದಾಗಲೆಲ್ಲ ಹಾರೆ ಹಿಡಿದು ಸಾಕಾಗಿ, ಜೀಪಿನ ಮೂತಿಗೆ ಒಂದು ವಿಂಚು ಕೂರಿಸುವುದೆಂದು ಭಾವ ಭಾಮೈದ ತೀರ್ಮಾನಿಸಿದರು. ಅದರ ಮೋಟಾರು ತಿರುಗಿಸುವ ಡ್ರಮ್ಮಿಗೆ ಸುತ್ತಿದ ಹಗ್ಗವನ್ನು ಬಿಚ್ಚಿ ಮರಕ್ಕೆ ಬಿಗಿದು ಗುಂಡಿ ಒತ್ತಿದರೆ ಸಾಕು, ಗಾಡಿ ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ.

ಅಂಗಡಿಯಲ್ಲಿ ಭಾಮೈದನ ಕಣ್ಣು ಬಿದ್ದದ್ದು ಎಲ್ಲಕ್ಕಿಂತ ದೊಡ್ಡದರ ಮೇಲೆ. ಅದು ಲಾರಿಯನ್ನೇ ಎಳೆಯುತ್ತದಂತೆ ಎಂದು ಅಂಗಡಿಯವನಿಗಿಂತ ಮೊದಲು ಅವನೇ ಹೇಳಿದ. ಲಾರಿ ಎಳೆದುಕೊಂಡು ಎಲ್ಲಿಗೆ ಹೋಗುತ್ತೀಯಪ್ಪಾ ಎಂದ ಪಂಡಿತ. ಸಾಮಾನು ತುಂಬಿದ ಗಾಡಿಯ ತೂಕಕ್ಕೆ ಒಂದೂವರೆ ಪಟ್ಟು ಎಳೆಯುವಂಥದ್ದು ಸಾಕು. ಅದಕ್ಕಿಂತ ದೊಡ್ಡದಾದರೆ ಮೂತಿ ಭಾರವಾಗಿ ಮುಂದಿನ ಸ್ಪ್ರಿಂಗು ಕೂತುಹೋಗುತ್ತದೆ, ಬ್ಯಾಟರಿಯನ್ನು ಗಟಗಟ ಕುಡಿದುಬಿಡುತ್ತದೆ. ಮೋಟಾರಿಗೆ ನೀರು ಹೋಗದ ಹಾಗೆ ಮುಚ್ಚಳವಿದೆಯೇ, ಗೇರು ಲೋಹದ್ದೇ, ಎಲ್ಲವನ್ನೂ ಬಗ್ಗಿ ನೋಡಿದ. ಅಂಗಡಿಯವನು ಆಕಳಿಸಿದ, ಪಂಡಿತ ಅದನ್ನು ಗಮನಿಸಲಿಲ್ಲ.

ಹಗ್ಗದ ವಿಷಯಕ್ಕೆ ಬಂದಾಗ ಅವನು ಇನ್ನೂ ಹೊತ್ತು ತೆಗೆದುಕೊಂಡ. ಉಕ್ಕಿನ ಹಗ್ಗ ಬಂಡೆಗೆ ಉಜ್ಜಿದರೂ ಜಗ್ಗುವುದಿಲ್ಲ, ಆದರೆ ಕಡಿದರೆ ಚಾಟಿಯ ಹಾಗೆ ಬೀಸಿ ಎದುರಿಗಿದ್ದವರ ಕಾಲು ಕೊಯ್ದು ಹಾಕುತ್ತದೆ. ಕೃತಕ ನೂಲಿನ ಹಗ್ಗ ಹಗುರ, ಕಡಿದರೂ ಅಲ್ಲೇ ಬೀಳುತ್ತದೆ, ಆದರೆ ಬಿಸಿಲು ಕಲ್ಲುಗಳಿಗೆ ಹೆದರುತ್ತದೆ. ಪಂಡಿತ ನೂಲಿನದನ್ನೇ ಆರಿಸಿದ. ಹಗ್ಗದ ಹತ್ತಿರ ಇರುವವನು ಭಾಮೈದ, ಅವನ ಅಕ್ಕನಿಗೆ ಉತ್ತರ ಕೊಡಬೇಕಾದವನು ನಾನು ಎಂದು ಅಂಗಡಿಯವನೆದುರು ಹೇಳಿಯೂ ಬಿಟ್ಟ.

ಬೂದು ಬಣ್ಣದ ಆ ಹಗ್ಗದ ಒಂದು ತುದಿಯಲ್ಲಿ ಒಂದಷ್ಟು ಉದ್ದಕ್ಕೆ ಕೆಂಪು ಹಚ್ಚಿತ್ತು. ಕೆಂಪು ತುದಿ ಡ್ರಮ್ಮಿನ ಕಡೆಗೆ, ಇನ್ನೊಂದು ತುದಿಗೆ ಹುಕ್ಕು. ಇದರ ಮರ್ಮ ತಿಳಿದ ದಿನ ಪಂಡಿತನಿಗೆ ಊಟ ರುಚಿಸಲಿಲ್ಲ, ಹೇಳಲು ಜನ ಬೇಕಾಗಿತ್ತು. ಡ್ರಮ್ಮಿಗೆ ಹಗ್ಗ ಕಚ್ಚಿಕೊಂಡಿರುವುದು ಬೋಲ್ಟಿನಿಂದ ಅಲ್ಲ, ಬೋಲ್ಟು ನೆಪಕ್ಕೆ. ಭಾರ ಹಿಡಿಯುವುದು ಡ್ರಮ್ಮಿನ ಮೇಲೆ ಉಳಿದ ಸುತ್ತುಗಳು. ಸುತ್ತು ಕಡಿಮೆಯಾದರೆ ಹಗ್ಗ ಜಾರುತ್ತದೆ, ಜಾರಿದರೆ ಬೋಲ್ಟು ನಿಲ್ಲುವುದಿಲ್ಲ. ಅದಕ್ಕೇ ಬಿಚ್ಚುತ್ತಾ ಬಿಚ್ಚುತ್ತಾ ಕೆಂಪು ಕಂಡರೆ ಅಲ್ಲಿಗೆ ಕೈ ನಿಲ್ಲಿಸಬೇಕು. ಇದನ್ನು ಅವನು ಟವರಿನ ವಾಚ್‌ಮನ್ನಿಗೆ ಹೇಳಿದ, ಕ್ಷೌರಿಕನಿಗೆ ಹೇಳಿದ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿದ. ಭಾಮೈದನಿಗೆ ಗೊತ್ತಿದ್ದದ್ದು ಕೆಂಪು ಕಂಡರೆ ಕೂಗಬೇಕು ಎಂಬಷ್ಟೇ. ಯಾಕೆ ಎನ್ನುವ ಭಾಗ ಬರುವಷ್ಟರಲ್ಲಿ ಅವನು ಯಾವಾಗಲೂ ಎದ್ದು ಹೋಗಿರುತ್ತಿದ್ದ.

ವರ್ಷ ಕಳೆಯುವಷ್ಟರಲ್ಲಿ ಹುಕ್ಕಿನ ಕಡೆ ಹಗ್ಗ ಸವೆದು ಎಳೆ ಎಳೆ ಎದ್ದಿತು. ಹೊಸದು ಬರಲು ತಡವಿತ್ತು. ಅದನ್ನು ಮನೆಗೆ ತಂದು ಇಬ್ಬರೂ ತಲೆ ಕೆರೆದುಕೊಳ್ಳುತ್ತಿದ್ದಾಗ ಪಂಡಿತನ ಹೆಂಡತಿ ಕತ್ತರಿ ಕೆಳಗಿಟ್ಟು ಒಮ್ಮೆ ನೋಡಿದಳು. ಅವಳು ದರ್ಜಿ. ಅಂಗಿಯ ಕಾಲರ್ ಸವೆದರೆ ಅದನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ, ತಿರುವಿ ಹೊಲಿದು ಕೊಡುತ್ತಿದ್ದವಳು. ಆ ಬೀದಿಯ ಗಂಡಸರಲ್ಲಿ ಅರ್ಧ ಜನ ಕಾಲರ್ ತಿರುವಿಸಿಕೊಂಡೇ ಓಡಾಡುತ್ತಿದ್ದರು. ಒಂದು ತುದಿ ಸವೆದಿದ್ದರೇನಂತೆ, ಇನ್ನೊಂದು ತುದಿ ಮದುಮಗನ ಹಾಗಿದೆ, ಇದನ್ನೂ ತಿರುವಿ ಹಾಕಿದರಾಯಿತಲ್ಲ ಎಂದಳು. ಗಾಡಿಯ ಚಕ್ರವನ್ನೂ ಹಿಂದುಮುಂದು ಬದಲಿಸುತ್ತಾರೆ, ಇದೂ ಹಾಗೇ ಎಂದು ಪಂಡಿತ ತಲೆಯಾಡಿಸಿದ.

ಅವತ್ತು ಸಂಜೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಗ್ಗ ಹಾಸಿಕೊಂಡು ಅವಳು ಕೂತಳು. ಹಗ್ಗ ಒಳಗೆ ಟೊಳ್ಳು. ಪೈಜಾಮಕ್ಕೆ ಲಾಡಿ ತೂರಿಸಿದ ಹಾಗೆ ಅದರ ತುದಿಯನ್ನು ಅದರೊಳಕ್ಕೇ ತೂರಿಸಿ, ಹುಕ್ಕು ಸಿಕ್ಕಿಸುವ ಕಣ್ಣು ಮಾಡಿ, ದಪ್ಪ ನೂಲಿನಲ್ಲಿ ಹೊಲಿದಳು. ಕಲ್ಲಿಗೆ ಉಜ್ಜದಿರಲಿ ಎಂದು ಜೀನ್ಸ್ ಬಟ್ಟೆಯ ಉದ್ದನೆಯ ಉರೆ ಹೊಲಿದು ಕಣ್ಣಿನಿಂದ ಹಿಡಿದು ಆ ತುದಿಗೆಲ್ಲ ತೊಡಿಸಿದಳು. ಪಂಡಿತ ಕಿಟಕಿಗೂ ಬಾಗಿಲಿಗೂ ನಡುವೆ ಓಡಾಡುತ್ತಾ ಫೋನಿನಲ್ಲಿ ಮಾತಾಡುತ್ತಿದ್ದ. ಮರುದಿನ ಅವನು ಟವರಿಗೆ ಹೋದಾಗ ಭಾಮೈದನೇ ಹಗ್ಗವನ್ನು ಡ್ರಮ್ಮಿಗೆ ಬಿಗಿದು ಸುತ್ತಿದ. ಆಮೇಲೆ ಸಣ್ಣಪುಟ್ಟ ಎಳೆತಕ್ಕೆ ಗಿಡದ ಬುಡ ಹತ್ತಿರದಲ್ಲೇ ಸಿಗುತ್ತಿದ್ದುದರಿಂದ ಹಗ್ಗವನ್ನು ಪೂರ್ತಿ ಬಿಚ್ಚುವ ಪ್ರಸಂಗ ಬರಲೇ ಇಲ್ಲ.

ಈವತ್ತು ಬಂತು. ಕೊನೆಯ ತಿರುವಿನಲ್ಲಿ ಮಣ್ಣು ಕುಸಿದು ಜೀಪಿನ ಹಿಂದಿನ ಚಕ್ರ ಕಮರಿಯ ಅಂಚಿಗೆ ಸರಿಯಿತು. ಹತ್ತಿರದಲ್ಲಿ ಬರೀ ಕುರುಚಲು. ಗಟ್ಟಿ ಮರ ಎಂದು ಕಂಡದ್ದು ದೂರ, ಮೇಲೆ. ಪಂಡಿತ ಒಂದನ್ನೂ ಮರೆಯಲಿಲ್ಲ. ಚಕ್ರಗಳ ಹಿಂದೆ ಕಲ್ಲು ಕೊಟ್ಟ, ಕೈಗವಸು ಹಾಕಿದ, ಮರದ ತೊಗಟೆ ಕೊಯ್ಯದ ಹಾಗೆ ಅಗಲದ ಪಟ್ಟಿ ಬಳಸಿದ. ಉರೆ ತೊಟ್ಟ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ತಾನೇ ಮೇಲಕ್ಕೆ ಎಳೆದುಕೊಂಡು ಹೋದ. ಡ್ರಮ್ಮು ಬಂಪರಿನ ಹಿಂದೆ ಅಡಗಿತ್ತು, ಸಂದಿಯಲ್ಲಿ ಕಣ್ಣಿಟ್ಟು ನೋಡುವ ಕೆಲಸ ಭಾಮೈದನದು.

"ಕೆಂಪು ಕಾಣ್ತಾ ಇದ್ಯೇನೋ?" ಮೇಲಿನಿಂದ ಪಂಡಿತ ಕೇಳಿದ.

"ಇಲ್ಲ ಭಾವ, ಕೆಂಪೇ ಇಲ್ಲ. ಎಳ್ಕೊಂಡು ಹೋಗಿ."

ಹುಕ್ಕು ಪಟ್ಟಿಗೆ ಸಿಕ್ಕಿತು. ಪಂಡಿತ ಕೆಳಗೆ ಬಂದು, ಅಕಸ್ಮಾತ್ ಕಡಿದರೂ ಚಿಮ್ಮದಿರಲಿ ಎಂದು ಹಗ್ಗದ ಮೇಲೆ ಒದ್ದೆ ಕಂಬಳಿ ಹೊದಿಸಿ, ರಿಮೋಟು ಹಿಡಿದು ಗೋಡೆಯ ಕಡೆ ನಿಂತ. ಭಾಮೈದ ಸ್ಟೀರಿಂಗ್ ಹಿಡಿದು ಕೂತ. ಗುಂಡಿ ಒತ್ತಿದ ಕೂಡಲೇ ಹಗ್ಗ ಬಿಗಿಯಾಯಿತು, ಜೀಪು ಒಂದು ಗೇಣು ಮೇಲೆ ಬಂತು. ಭಾಮೈದನ ಕಾಲು ಹೆದರಿ ಬ್ರೇಕಿನ ಮೇಲೆಯೇ ಇತ್ತು, ಚಕ್ರ ಉರುಳದೆ ಕೆಸರಿನಲ್ಲಿ ಉಳುತ್ತಿತ್ತು. ಪಂಡಿತನಿಗೆ ರೇಗಿತು.

"ಬ್ರೇಕ್ ಬಿಡೋ. ಹಗ್ಗ ಹಿಡ್ಕೊಂಡಿದೆ."

ಭಾಮೈದ ಅವನ ಮುಖ ನೋಡಿ ಬ್ರೇಕ್ ಬಿಟ್ಟ. ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಚಕ್ರದ ಹಿಂದಿನ ಕಲ್ಲು ಹೊರಳಿತು, ಭಾರವೆಲ್ಲ ಹಗ್ಗಕ್ಕೆ ಬಿತ್ತು, ಬಂಪರಿನೊಳಗೆ ಏನೋ ಪಟ್ಟೆಂದಿತು. ಹಗ್ಗದ ಬರಿಯ ತುದಿ ಸಂದಿಯಿಂದ ಹೊರಬಂದು ನೆಲಕ್ಕೆ ಬಿತ್ತು. ಜೀಪು ಯಾವ ಅವಸರವೂ ಇಲ್ಲದೆ, ಮನೆಗೆ ಹೊರಟಂತೆ ಹಿಂದಕ್ಕೆ ಸರಿದು ಅಂಚು ದಾಟಿತು.

ಪಂಡಿತ ಕಮರಿಗೆ ಹೇಗೆ ಇಳಿದನೋ ಅವನಿಗೇ ತಿಳಿಯದು. ಕಾಲಿನಲ್ಲಿ ಚಪ್ಪಲಿ ಇರಲಿಲ್ಲ, ಮೊಣಕೈಯಲ್ಲಿ ಚರ್ಮ ಇರಲಿಲ್ಲ. ಜೀಪು ಬಂಡೆಗೆ ಒರಗಿ ಮಗ್ಗುಲಾಗಿ ನಿಂತಿತ್ತು. ಬಾಗಿಲಿನಿಂದ ಅರ್ಧ ಹೊರಗೆ ಬಿದ್ದಿದ್ದ ಭಾಮೈದನ ಒಂದು ಕಾಲು ಕಾಲಿನ ಹಾಗೆ ಕಾಣುತ್ತಿರಲಿಲ್ಲ. ಅವನ ಕಣ್ಣು ತೆರೆದಿತ್ತು. ಪಂಡಿತ ಅವನ ಕೆನ್ನೆ ಮುಟ್ಟಿದ, ಬಾಯಿ ತೆರೆದ, ಮಾತು ಬರಲಿಲ್ಲ. ಹುಟ್ಟಿದಾಗಿನಿಂದ ಅವನಿಗೆ ಹಾಗಾದದ್ದು ಅದೇ ಮೊದಲು.

"ಬ್ರೇಕ್ ಬಿಟ್ಟಿದ್ದೆ ಭಾವ," ಎಂದ ಭಾಮೈದ. ತನ್ನದೇನೋ ತಪ್ಪಾಯಿತು ಎನ್ನುವ ದನಿಯಲ್ಲಿ ಅಂದ. ಆಮೇಲೆ ಕಣ್ಣು ಮುಚ್ಚಿದ.

ಸದ್ದು ಕೇಳಿ ಟವರಿನ ವಾಚ್‌ಮನ್ ಓಡಿ ಬಂದ, ಅವನ ಹಿಂದೆ ಸೌದೆ ಕಡಿಯುವವರು ಬಂದರು. ಜೀಪಿನ ಹಿಂಬದಿಯ ಹಲಗೆ ಕಿತ್ತು ಭಾಮೈದನನ್ನು ಅದಕ್ಕೆ ಬೆಲ್ಟು, ಕಂಬಳಿಗಳಿಂದ ಕಟ್ಟಿದರು. ಎತ್ತಿಕೊಂಡು ಹತ್ತುವ ಹಾಗಿರಲಿಲ್ಲ, ಎಳೆಯಬೇಕಿತ್ತು. ಎಳೆಯಲು ಇದ್ದದ್ದು ಅದೇ ಹಗ್ಗ. ವಾಚ್‌ಮನ್ ಮೇಲೆ ಹತ್ತಿ ಮರದಿಂದ ಹುಕ್ಕು ಬಿಡಿಸಿ ಕೆಳಗೆ ಎಸೆದ, ಪಂಡಿತ ಅದನ್ನು ಹಲಗೆಯ ತಲೆಗೆ ಸಿಕ್ಕಿಸಿದ. ಮೇಲಿದ್ದವರು ಸಾಲಾಗಿ ನಿಂತು ಕೈಯಿಂದ ಎಳೆದರು. ಹಲಗೆ ಬಂಡೆಯಿಂದ ಬಂಡೆಗೆ ತಾಕುತ್ತಾ ಹೋಗುವಾಗ ಪಂಡಿತ ಪಕ್ಕದಲ್ಲಿ ಕೈಕಾಲು ಊರಿಕೊಂಡು ಹತ್ತಿದ. ಹೆಂಡತಿ ಹೊಲಿದ ಆ ಕಣ್ಣು ಬಿಟ್ಟುಕೊಂಡರೆ ಎಲ್ಲ ಮುಗಿಯಿತು ಎಂಬುದೊಂದೇ ಅವನ ತಲೆಯಲ್ಲಿತ್ತು. ಅದು ಬಿಟ್ಟುಕೊಳ್ಳಲಿಲ್ಲ.

ಮೇಲೆ ತಂದು ಇಳಿಸಿದಾಗ ಭಾಮೈದನ ತಲೆಯ ಬಳಿ ಹಗ್ಗ ಕೆಂಪಾಗಿತ್ತು. ತಲೆಯೊಡೆದು ರಕ್ತ ಸೋರುತ್ತಿದೆ ಎಂದು ಪಂಡಿತನ ಜೀವ ಬಾಯಿಗೆ ಬಂತು. ಅಂಗಿಯ ಚುಂಗಿನಿಂದ ಒರೆಸಿದ, ಹೋಗಲಿಲ್ಲ. ಉಗುಳು ಹಚ್ಚಿ ತಿಕ್ಕಿದ, ಆಗಲೂ ಹೋಗಲಿಲ್ಲ. ಕಲ್ಲಿಗೆ ಸಿಕ್ಕಿ ಹರಿದಿದ್ದ ಜೀನ್ಸ್ ಉರೆಯನ್ನು ಹಿಂದಕ್ಕೆ ಸರಿಸಿದ. ಉರೆಯೊಳಗೆಲ್ಲ ಕೆಂಪು. ಕೆಂಪು ಕಾಣುತ್ತಿದೆಯೇನೋ ಎಂದು ಅವನು ಮೇಲಿನಿಂದ ಕೂಗಿದ್ದನಲ್ಲ, ಆಗ ಅದು ಅವನ ಮುಷ್ಟಿಯೊಳಗೇ ಇತ್ತು.

ಹಗ್ಗ ತಿರುವಿದಾಗ ಗುರುತೂ ತಿರುವಿಕೊಂಡಿತ್ತು. ಡ್ರಮ್ಮಿನ ಕಡೆ ಕೆಂಪೇ ಇಲ್ಲದೆ ಕೊನೆಯ ಸುತ್ತುಗಳವರೆಗೂ ಹಗ್ಗ ಬಿಚ್ಚಿಕೊಂಡಿತ್ತು. ಅದನ್ನು ತಿರುವಿದ ಕೈ ಯಾರದು ಎಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ವಾಚ್‌ಮನ್ ಭುಜ ಹಿಡಿದು ಅಲ್ಲಾಡಿಸುವವರೆಗೂ ಅವನು ಆ ಹಗ್ಗವನ್ನೇ ನೋಡುತ್ತಾ ಕುಕ್ಕರುಗಾಲಿನಲ್ಲಿ ಕೂತಿದ್ದ.

ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ, ಗೋಡೆಗೆ ತಾಗಿಸಿದ ಬೆಂಚಿನ ಮೇಲೆ ಅವನು ಕಾದ. ಕಾಲ ಕೆಳಗೆ ಗೋಣಿಚೀಲ, ಅದರೊಳಗೆ ಹಗ್ಗ. ಬಿಟ್ಟುಬರಬಹುದಿತ್ತು, ಯಾರ ಕಣ್ಣಿಗಾದರೂ ಬಿದ್ದೀತೆಂದು ತಂದಿದ್ದ. ಡಾಕ್ಟರು ಹೊರಗೆ ಬಂದು ಜೀವಕ್ಕೆ ಭಯವಿಲ್ಲ ಎಂದರು. ಕಾಲಿನ ಮಾತು ಎತ್ತಿದಾಗ ನೋಡೋಣ ಎಂದರು. ಆ ನೋಡೋಣವನ್ನು ಹೇಗೆ ಹೇಳಿದರೆಂದರೆ ಪಂಡಿತ ಎರಡನೆಯ ಪ್ರಶ್ನೆ ಕೇಳಲಿಲ್ಲ.

ಕಾಯುತ್ತಾ ಅವನು ಒಂದು ನಿರ್ಧಾರಕ್ಕೆ ಬಂದ. ಹೆಂಡತಿಗೆ ಇದು ಗೊತ್ತಾಗಬಾರದು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮನ ಕಾಲನ್ನು ತನ್ನ ಸೂಜಿಯೇ ತಿಂದಿತು ಎಂದು ತಿಳಿದರೆ ಅವಳು ಮತ್ತೆ ಆ ಯಂತ್ರದ ಮುಂದೆ ಕೂರುವುದಿಲ್ಲ, ನೆಟ್ಟಗೆ ಉಣ್ಣುವುದೂ ಇಲ್ಲ. ಬೋಲ್ಟು ಕಳಪೆ ಎಂದು ಹೇಳುವುದು. ಭಾಮೈದನಿಗೂ ಹಾಗೇ ಹೇಳುವುದು. ಸಾಯುವವರೆಗೆ ಬಾಯಿ ಬಿಡದಿರುವುದು. ಪಂಡಿತನಂಥವನಿಗೆ ಇದಕ್ಕಿಂತ ದೊಡ್ಡ ತ್ಯಾಗವಿಲ್ಲ. ಆ ದಿಗಿಲಿನ ನಡುವೆಯೂ ಅವನಿಗೆ ತನ್ನ ಬಗ್ಗೆ ಒಂದಿಷ್ಟು ಮರುಕ, ಒಂದಿಷ್ಟು ಮೆಚ್ಚುಗೆ ಎರಡೂ ಹುಟ್ಟಿದವು. ಅವಳ ತಪ್ಪನ್ನು ಕ್ಷಮಿಸಿಬಿಟ್ಟಿದ್ದ, ಅದೂ ಅವಳಿಗೆ ತಿಳಿಯದ ಹಾಗೆ.

ಅವಳು ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ಎದೆಯ ಮೇಲೆ ಸೆರಗಿಗೆ ಗುಂಡುಸೂಜಿಗಳು ಚುಚ್ಚಿಕೊಂಡೇ ಇದ್ದವು. ಅಳಲಿಲ್ಲ. ಗಾಜಿನ ಬಾಗಿಲಿನಿಂದ ತಮ್ಮನನ್ನು ನೋಡಿದಳು, ಒಳಗೆ ಬಿಡಲಿಲ್ಲವೆಂದು ಬಂದು ಗಂಡನ ಪಕ್ಕದಲ್ಲಿ ಕೂತಳು.

"ನನ್ನ ಹೊಲಿಗೆ ಬಿಟ್ಕೊಂಡ್ತಾ?" ಎಂದು ಕೇಳಿದಳು.

ಇಲ್ಲ ಎಂದ ಪಂಡಿತ. ಅವಳ ಹೊಲಿಗೆಗೆ ಸಿಕ್ಕಿಸಿಯೇ ಅವನನ್ನು ಕಮರಿಯಿಂದ ಎಳೆದದ್ದು, ಒಂದು ಎಳೆಯೂ ಕದಲಲಿಲ್ಲ ಎಂದ. ಅದು ನಿಜವಾಗಿದ್ದರಿಂದ ಮಾತು ಸಲೀಸಾಗಿ ಬಂತು. ಹಾಗಾದರೆ ಬಿಟ್ಟದ್ದು ಏನು ಎಂದು ಕೇಳಿದಳು. ಬೋಲ್ಟು ಎಂದ. ಅದು ಹೇಳುವಾಗ ಅವನ ಕಾಲು ತಾನಾಗಿಯೇ ಗೋಣಿಚೀಲವನ್ನು ಬೆಂಚಿನಡಿಗೆ ತಳ್ಳಿತು.

ಬಟ್ಟೆಯ ಅಂಚಿನ ಸುಕ್ಕನ್ನು ದೂರದಿಂದಲೇ ಕಾಣುವವಳಿಗೆ ಅದು ಕಾಣದೆ ಇರುತ್ತದೆಯೇ? ಬಗ್ಗಿ ಚೀಲ ಎಳೆದುಕೊಂಡಳು, ಹಗ್ಗ ಹೊರಗೆ ತೆಗೆದಳು. ಹೊಲಿಗೆಯ ಮೇಲೆ ಬೆರಳಾಡಿಸಿದಳು, ಅದು ಇಟ್ಟ ಹಾಗೇ ಇತ್ತು. ಹರಿದ ಉರೆಯನ್ನು ಸರಿಸಿ ಕೆಂಪಿನ ಹತ್ತಿರ ಬೆರಳು ನಿಲ್ಲಿಸಿದಳು. ಆಮೇಲೆ ಹಗ್ಗವನ್ನು ಕೈ ಬದಲಿಸುತ್ತಾ ಎಳೆದು ಇನ್ನೊಂದು ತುದಿ ಹುಡುಕಿ ಹಿಡಿದಳು. ಬೋಲ್ಟಿನಿಂದ ಜಾರಿ ಬಂದ ಆ ಸವೆದ ತುದಿ ಬೋಳಾಗಿತ್ತು, ಬೂದಾಗಿತ್ತು. ಎರಡು ತುದಿಗಳನ್ನೂ ಎರಡು ಕೈಯಲ್ಲಿ ಹಿಡಿದು ಗಂಡನ ಮುಖ ನೋಡಿದಳು.

ಪಂಡಿತ ಅವಸರವಾಗಿ, ನಿನಗೆ ಹೇಗೆ ಗೊತ್ತಿರಬೇಕು ಬಿಡು, ಯಾರದೂ ತಪ್ಪಲ್ಲ ಎಂದು ಶುರು ಮಾಡಿದ. ಅವಳು ಅವನ ಮಾತಿಗೆ ಅಡ್ಡ ಬಂದಳು. ದನಿ ಏರಿಸಲಿಲ್ಲ.

"ಅವತ್ತು ಕೇಳಿದ್ದೆ ನಿಮ್ಮನ್ನ."

ಏನು ಎಂದ ಪಂಡಿತ.

"ರೀ, ತಿರುವಿದ್ರೆ ಈ ಕೆಂಪು ಹುಕ್ಕಿನ ಕಡೆಗೆ ಬರುತ್ತೆ, ಪರವಾಗಿಲ್ವಾ ಅಂತ ಕೇಳಿದೆ. ನೀವು ಫೋನಲ್ಲಿದ್ರಿ. ಒಂದ್ನಿಮಿಷ ಅಂತ ಕೈ ತೋರ್ಸಿದ್ರಿ. ಇನ್ನೊಂದ್ಸಲ ಕೇಳ್ದೆ. ಬಣ್ಣದಲ್ಲೇನಿದೆ, ನಿಂಗೆ ಸರಿ ಕಂಡ ಹಾಗೆ ಮಾಡು ಅಂದ್ರಿ."

ಪಂಡಿತನಿಗೆ ಕಿಟಕಿ ನೆನಪಾಯಿತು, ಬಾಗಿಲು ನೆನಪಾಯಿತು, ನಡುವೆ ತಾನು ಓಡಾಡಿದ್ದು ನೆನಪಾಯಿತು. ಫೋನಿನ ಆ ಕಡೆ ಯಾರಿದ್ದರೆಂಬುದೂ ನೆನಪಾಯಿತು. ಪಕ್ಕದ ಗುಡ್ಡದ ಟವರಿನ ಡ್ರೈವರು. ಅವನೂ ವಿಂಚು ತಗೊಳ್ಳಬೇಕೆಂದಿದ್ದ, ಯಾವುದು ಒಳ್ಳೆಯದು ಎಂದು ಕೇಳಿದ್ದ. ಹಗ್ಗಕ್ಕೆ ಬಣ್ಣ ಯಾಕೆ ಹಚ್ಚಿರುತ್ತಾರೆ ಗೊತ್ತೇನಯ್ಯಾ ಎಂದು ಪಂಡಿತ ಆಗ ಅವನಿಗೆ ಉತ್ಸಾಹದಿಂದ ಹೇಳುತ್ತಿದ್ದ. ಮೇಜಿನ ಮೇಲೆ ಹೆಂಡತಿ ಅದೇ ಬಣ್ಣದ ಮೇಲೆ ಉರೆ ತೊಡಿಸುತ್ತಿದ್ದಳು.

ಬ್ರೇಕ್ ಬಿಡು ಎಂದವನೂ ತಾನೇ, ಸರಿ ಕಂಡ ಹಾಗೆ ಮಾಡು ಎಂದವನೂ ತಾನೇ. ಇಷ್ಟು ಹೊತ್ತು ಅವಳನ್ನು ಕ್ಷಮಿಸುತ್ತಾ ಕೂತಿದ್ದವನು ತಾನು ಎಂಬುದು ನೆನಪಾಗಿ ಅವನಿಗೆ ನಾಚಿಕೆಯಾಯಿತು.

"ಈಗಾದ್ರೂ ಹೇಳಿ," ಎಂದಳು ಅವಳು. "ಏನಕ್ಕಿತ್ತು ಈ ಕೆಂಪು?"

ಅವನು ಹೇಳಿದ. ಟ್ಯಾಂಕಿನಿಂದ ಶುರು ಮಾಡಲಿಲ್ಲ, ಸ್ಪ್ರಿಂಗಿನ ಕಥೆ ತರಲಿಲ್ಲ. ಅದು ಡ್ರಮ್ಮಿನ ಕಡೆಗಿರಬೇಕಿತ್ತು, ಅದು ಕಂಡ ಮೇಲೆ ಹಗ್ಗ ಬಿಚ್ಚಬಾರದು ಎಂದ. ಹೇಳಲು ಒಂದು ಉಸಿರೂ ಪೂರ್ತಿ ಬೇಕಾಗಲಿಲ್ಲ.

ಅವಳು ಇನ್ನೂ ಏನೋ ಇದೆ ಎಂಬಂತೆ ಅವನ ಬಾಯಿಯನ್ನೇ ನೋಡುತ್ತಾ ಕಾದಳು.

"ಇಷ್ಟೇನಾ?" ಎಂದಳು.

ಪಂಡಿತ ಹೂಂ ಎಂದ. ಅವಳು ಹಗ್ಗದ ಎರಡು ತುದಿಗಳನ್ನೂ ಮಡಿಲಲ್ಲಿ ಇಟ್ಟುಕೊಂಡು, ತಮ್ಮ ಮಲಗಿದ್ದ ಕೋಣೆಯ ಬಾಗಿಲ ಕಡೆಗೆ ಮುಖ ತಿರುಗಿಸಿ ಕೂತಳು.